ಬೀದಿಗೆ ಹೋಗಿ ಬಂದ ಹಾಸು

“ಗುರುಗಳೇ, ಆಟದ ಹೊತ್ತನ್ನೂ ಪಾಠಕ್ಕೇ ಕೊಟ್ಟೆ. ಆದರೂ ಮಕ್ಕಳ ತಲೆಗೆ ಪಾಠ ಹತ್ತುತ್ತಿಲ್ಲ. ಮೊದಲು ಬರುತ್ತಿದ್ದದ್ದೂ ಈಗ ಬರುತ್ತಿಲ್ಲ. ಇದೇಕೆ ಹೀಗೆ?”

ಕೇಳಿದವನು ಸಂಗಯ್ಯ. ಪಕ್ಕದ ಊರಿನ ಶಾಲೆಯಲ್ಲಿ ಪಾಠ ಹೇಳುವವನು. ಚಿಕ್ಕಂದಿನಲ್ಲಿ ಇದೇ ಮಠದಲ್ಲಿ ಕಲಿತಿದ್ದ. ದಿಕ್ಕು ತೋಚದಾಗಲೆಲ್ಲ ಇಲ್ಲಿಗೇ ಬರುತ್ತಿದ್ದ. ನಮಸ್ಕರಿಸಲು ಬಾಗಿದಾಗ ಅವನ ಸೊಂಟಕ್ಕೆ ಸಿಕ್ಕಿಸಿದ್ದ ಬೀಗದ ಕೈ ಜಾರಿ ನೆಲಕ್ಕೆ ಬಿತ್ತು. ಅವನು ಅದನ್ನೆತ್ತಿ ಮತ್ತೆ ಸಿಕ್ಕಿಸಿಕೊಂಡ.

“ಅದು ಯಾವ ಬೀಗದ್ದಪ್ಪಾ?” ಎಂದರು ಗುರುಗಳು.

“ಶಾಲೆಯ ಮುಂದಿನ ಬಯಲಿನದು. ಸುತ್ತ ಬೇಲಿ ಹಾಕಿಸಿ ಬಾಗಿಲಿಗೆ ಬೀಗ ಜಡಿದಿದ್ದೇನೆ. ಯುಗಾದಿಗೆ ಊರವರ ಎದುರು ಮಕ್ಕಳ ಪರೀಕ್ಷೆ ಇದೆ. ಮಕ್ಕಳು ತಡವರಿಸಿದರೆ ಹೆಣ್ಣುಮಕ್ಕಳನ್ನು ಶಾಲೆ ಬಿಡಿಸುತ್ತೇವೆ ಎಂದು ಊರವರು ಹೇಳಿಬಿಟ್ಟಿದ್ದಾರೆ. ಇಂಥ ಹೊತ್ತಿನಲ್ಲಿ ಆಟವೇ? ಬಯಲಿನಲ್ಲಿ ಓಡಾಡಿ ಪಾಠ ಕಲಿತವರುಂಟೆ ಗುರುಗಳೇ?”

ಹೀಗೆ ಹೇಳುವಾಗ ಅವನ ಕಣ್ಣ ಮುಂದೆ ಇದ್ದವಳು ನೀಲವ್ವ. ಹನ್ನೆರಡರ ಮಗ್ಗಿಯನ್ನು ನೀರು ಕುಡಿದ ಹಾಗೆ ಹೇಳುತ್ತಿದ್ದ ಹುಡುಗಿ ಈಗ ಏಳರಲ್ಲೇ ನಿಲ್ಲುತ್ತಿದ್ದಳು. ನಿನ್ನೆ ಮಧ್ಯಾಹ್ನ ಪಾಟಿಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಸಂಗಯ್ಯ ಅವಳನ್ನು ಎಬ್ಬಿಸಿ ಎಲ್ಲರೆದುರು ಬೈದಿದ್ದ. ಅವಳು ತಿರುಗಿ ಮಾತಾಡಲಿಲ್ಲ, ಅಳಲೂ ಇಲ್ಲ. ಅದೇ ಅವನನ್ನು ಹೆಚ್ಚು ಚುಚ್ಚಿತ್ತು. ಆ ಹುಡುಗಿ ಶಾಲೆ ಬಿಟ್ಟರೆ ತಾನು ಮೇಷ್ಟರಾಗಿ ಇದ್ದೂ ಇಲ್ಲದ ಹಾಗೆ ಎಂದು ಅವನಿಗೆ ಅನ್ನಿಸಿತ್ತು.

“ಕೂತುಕೋ,” ಎಂದರು ಗುರುಗಳು. “ನಿನ್ನ ಪ್ರಶ್ನೆ ದೊಡ್ಡದು. ನನ್ನ ಹತ್ತಿರ ಇರುವುದು ಸಣ್ಣ ಕತೆ.” ಹೀಗೆಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಕೈ ಚುರುಕು, ಮಾತು ಕಟ್ಟುನಿಟ್ಟು. ಒಂದು ದಿನ ಅವನಲ್ಲಿಗೆ ಒಬ್ಬ ತಾಯಿ ಬಂದಳು. “ಅಣ್ಣಾ, ಇನ್ನು ಹನ್ನೆರಡು ದಿನ ಕಳೆದರೆ ಮಗಳ ಲಗ್ನ. ನಾಲ್ಕು ಸೀರೆ ಬೇಕು. ಆಗುತ್ತದೆಯೇ?” ಎಂದು ಕೇಳಿದಳು. ನೇಕಾರ ಬೆರಳು ಮಡಚಿದ. ಸೀರೆಗೆ ಮೂರು ದಿನ, ನಾಲ್ಕಕ್ಕೆ ಹನ್ನೆರಡು. ಆಗುತ್ತದೆ ಎಂದು ಮಾತು ಕೊಟ್ಟ.

ಕೊಟ್ಟ ಮೇಲೆ ಅವನಿಗೆ ಬೀದಿಯ ಕೆಲಸ ನೆನಪಾಯಿತು. ಮಗ್ಗಕ್ಕೆ ಉದ್ದಕ್ಕೆ ಹಾಕುವ ಎಳೆಗಳಿಗೆ ಹಾಸು ಎನ್ನುತ್ತಾರಲ್ಲ, ಅದನ್ನು ಹಸಿಹಸಿಯಾಗಿ ಮಗ್ಗಕ್ಕೆ ಏರಿಸುವುದಿಲ್ಲ. ಬೆಳಿಗ್ಗೆ ಬೀದಿಯುದ್ದಕ್ಕೂ ಎಳೆದು ಕಟ್ಟುತ್ತಾರೆ. ಗಂಜಿ ಹಚ್ಚಿ, ಎರಡು ಕಡೆಯಿಂದಲೂ ಕುಂಚದಿಂದ ಉಜ್ಜುತ್ತ ಹೋಗಿ ಬರುತ್ತಾರೆ. ಗಾಳಿ ಬಿಸಿಲು ಕುಡಿದು ಎಳೆ ಗಟ್ಟಿಯಾಗುತ್ತದೆ. ಒಂದು ಮನೆಯ ಹಾಸು ಬೀದಿಗೆ ಬಂತೆಂದರೆ ಓಣಿಯೆಲ್ಲ ಸೇರುತ್ತದೆ. ಹಾಡು, ಹರಟೆ, ತಮಾಷೆ, ಎಳೆಗಳ ಕೆಳಗೆ ನುಸುಳುವ ಮಕ್ಕಳು. ದಾರಿಹೋಕರಿಗೆ ಅದು ಕೆಲಸವೋ ಆಟವೋ ಗೊತ್ತಾಗುವುದಿಲ್ಲ.

ಆ ದಿನ ನೇಕಾರನಿಗೂ ಅದು ಆಟವಾಗಿಯೇ ಕಂಡಿತು. “ಈ ಸಲ ಬೀದಿ ಬೇಡ. ಒಂದು ದಿನ ದಂಡ,” ಎಂದ.

ಹೆಂಡತಿ ಬಾಯಿಯ ಮೇಲೆ ಕೈಯಿಟ್ಟಳು. “ಅಯ್ಯೋ, ಗಾಳಿ ಬಿಸಿಲು ಕಾಣದ ಎಳೆ ನೇಯಲು ಬಂದೀತೇ? ನಿಮ್ಮಪ್ಪ ಎಂದಾದರೂ ಹೀಗೆ ಮಾಡಿದ್ದರೇ?”

“ಬೀದಿಯಲ್ಲಿ ಓಡಾಡಿ ಸೀರೆ ನೇಯ್ದವರುಂಟೇನೇ? ಸೀರೆಯಾಗುವುದು ಮಗ್ಗದಲ್ಲಿ,” ಎಂದು ನೇಕಾರ ಹಾಸನ್ನು ಹಾಗೆಯೇ ಏರಿಸಿದ.

ಸಂಗಯ್ಯ ಸ್ವಲ್ಪ ಸರಿದು ಕೂತ. ಗುರುಗಳು ನೋಡಿಯೂ ನೋಡದವರಂತೆ ಮುಂದುವರಿಸಿದರು.

ಅಡ್ಡ ನೂಲು ಒಯ್ಯುವ ಲಾಳಿ ನಾಲ್ಕು ಸಲ ಹೋಗಿ ಬರುವಷ್ಟರಲ್ಲಿ ಒಂದು ಎಳೆ ಕಡಿಯಿತು. ನೇಕಾರ ಗಂಟು ಹಾಕಿದ. ಇನ್ನೊಂದು ಕಡಿಯಿತು. ಅದಕ್ಕೂ ಗಂಟು ಹಾಕಿದ. ಒಂದನ್ನು ಹಿಡಿದು ಕಟ್ಟುವಷ್ಟರಲ್ಲಿ ಪಕ್ಕದ್ದು ಹೋಗುತ್ತಿತ್ತು. ಕೆಲಸ ಹಿಂದೆ ಬಿದ್ದಷ್ಟೂ ಅವನು ಹೆಚ್ಚು ಹೊತ್ತು ಕೂತ. ಊಟಕ್ಕೆ ಏಳುವುದನ್ನು ಬಿಟ್ಟ, ಮಾತು ಬಿಟ್ಟ. ಹೆಚ್ಚು ಹೊತ್ತು ಕೂತಷ್ಟೂ ಕೈ ಬಿರುಸಾಗಿ ಇನ್ನಷ್ಟು ಎಳೆ ಕಡಿದವು. “ಈ ನೂಲೇ ದರಿದ್ರ!” ಎಂದು ನೂಲನ್ನು ಬೈದ. ಪಾಪ, ನೂಲಿಗೆ ಬಾಯಿಲ್ಲ. ಐದನೆಯ ಸಂಜೆಗೆ ಒಂದು ಸೀರೆ ಮುಗಿಯಿತು. ಮೈತುಂಬ ಗಂಟು.

ಹೆಂಡತಿ ಬಂದು ಮಗ್ಗದ ಮುಂದೆ ನಿಂತಳು. “ಕೆಟ್ಟ ಮೇಲಾದರೂ ಬುದ್ಧಿ ಬರಲಿ, ಏಳಿ. ಗಂಜಿ ಕಾಯಿಸಿಟ್ಟಿದ್ದೇನೆ. ಓಣಿಯವರಿಗೂ ಹೇಳಿ ಬಂದಿದ್ದೇನೆ,” ಎಂದಳು.

ನೇಕಾರ ಎದ್ದ. ಏಳುವಾಗ ಕಾಲು ಹಿಡಿದುಕೊಂಡಿತ್ತು. ಮಿಕ್ಕ ಹಾಸನ್ನು ಮಗ್ಗದಿಂದ ಬಿಚ್ಚಿ, ಆರನೆಯ ಬೆಳಿಗ್ಗೆ ಬೀದಿಯಲ್ಲಿ ಕಟ್ಟಿದರು. ಅವನೂ ಕುಂಚ ಹಿಡಿದು ಬೀದಿಯ ಈ ತುದಿಯಿಂದ ಆ ತುದಿಗೆ ನಡೆದ. ಹತ್ತು ಸಲ ಹೋಗಿ ಬರುವಷ್ಟರಲ್ಲಿ ಅವನ ಕಾಲೂ ಸಡಿಲವಾಯಿತು. ಯಾರೋ ತಮಾಷೆ ಮಾಡಿದರು, ಐದು ದಿನದ ಮೇಲೆ ನಕ್ಕ. ಬಿಸಿಲು ಏರುವ ಹೊತ್ತಿಗೆ ಎಳೆ ಒಣಗಿತು. ಮರುದಿನ ಮಗ್ಗದಲ್ಲಿ ಕೂತ. ಲಾಳಿ ಸರಾಗವಾಗಿ ಓಡಿತು. ಉಳಿದ ಆರು ದಿನಕ್ಕೆ ಎರಡು ಸೀರೆಯಾದವು.

ಹನ್ನೆರಡನೆಯ ಸಂಜೆ ಆ ತಾಯಿ ಬಂದಳು. ನೇಕಾರ ಮೂರು ಸೀರೆ ಅವಳ ಮುಂದಿಟ್ಟು ತಲೆ ತಗ್ಗಿಸಿದ. ಮಾತು ತಪ್ಪಿದ್ದು ಅವನ ಬಾಳಿನಲ್ಲಿ ಅದೇ ಮೊದಲು. ಅವಳು ಒಂದೊಂದನ್ನೇ ಬಿಚ್ಚಿ ಕೈಯಾಡಿಸಿದಳು. ಮೊದಲನೆಯದರ ಮೇಲೆ ಕೈ ನಿಂತಿತು. “ಅಣ್ಣಾ, ಇದನ್ನು ಬೇರೆ ಯಾರೋ ನೇಯ್ದರೇ?” ಎಂದಳು.

“ಇಲ್ಲ ತಾಯಿ. ಅದೇ ನೂಲು, ಅದೇ ಮಗ್ಗ, ಇದೇ ಕೈ. ಆ ಎರಡರ ಎಳೆ ಮಾತ್ರ ಒಂದು ಬೆಳಿಗ್ಗೆ ಬೀದಿಗೆ ಹೋಗಿ ಬಂದಿದೆ,” ಎಂದ ನೇಕಾರ.

ಗುರುಗಳು ಕತೆ ನಿಲ್ಲಿಸಿ ಪಕ್ಕದಲ್ಲಿದ್ದ ತಂಬಿಗೆ ಎತ್ತಿ ನೀರು ಕುಡಿದರು.

“ನಾಲ್ಕನೆಯ ಸೀರೆ ಏನಾಯಿತು ಗುರುಗಳೇ?” ಎಂದ ಸಂಗಯ್ಯ. ಅವನ ಧ್ವನಿ ಸಣ್ಣಗಾಗಿತ್ತು.

“ಏನಾಗುತ್ತದೆ? ಮುಹೂರ್ತ ಯಾರಿಗೂ ಕಾಯುವುದಿಲ್ಲ. ಅದಿರಲಿ, ಯುಗಾದಿಗೆ ಇನ್ನೆಷ್ಟು ದಿನ?”

“ಇಪ್ಪತ್ತೆರಡು ದಿನ.”

ಸಂಗಯ್ಯನ ಕೈ ತಾನಾಗಿಯೇ ಸೊಂಟದ ಬೀಗದ ಕೈಯತ್ತ ಹೋಯಿತು. ಮೊದಲಾದರೆ ಈ ಹೊತ್ತಿನಲ್ಲಿ ನೀಲವ್ವ ಆ ಬೇಲಿಯಾಚೆ ಕುಂಟಾಬಿಲ್ಲೆ ಆಡುತ್ತಿದ್ದವಳು. ಸೋತರೂ ಗೆದ್ದರೂ ಕೇಕೆ ಹಾಕಿ ನಗುತ್ತಿದ್ದವಳು. ಆ ನಗು ಕೇಳಿ ಎಷ್ಟು ದಿನವಾಯಿತು ಎಂದು ಎಣಿಸಲು ಹೋದ. ಬೀಗ ಹಾಕಿದ ದಿನಕ್ಕೆ ಬಂದು ಎಣಿಕೆ ನಿಂತಿತು. ಅವನು ಏನೋ ಹೇಳಲೆಂದು ತಲೆಯೆತ್ತಿದ.

ಗುರುಗಳು ಅಷ್ಟರಲ್ಲಿ ಎದ್ದು, ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಳ್ಳುತ್ತ ಹೇಳಿದರು: “ಮುಂದಿನ ಸಲ ಬರುವಾಗ ಆ ಬೀಗವನ್ನು ತೆಗೆದುಕೊಂಡು ಬಾರಪ್ಪಾ, ನಮ್ಮ ಉಗ್ರಾಣಕ್ಕೆ ಒಂದು ಬೇಕಾಗಿತ್ತು.”