ಕಂಬಳಿಯ ಪಂಕ್ತಿ

“ಗುರುಗಳೇ, ಇರುವುದು ಅರ್ಧ ಜನರಿಗೆ ಮಾತ್ರ ಸಾಲುತ್ತದೆ ಎಂದಾದರೆ ಕೊಡಬೇಕೇ, ಕಾಯಬೇಕೇ?” ಎಂದು ಶಿಷ್ಯ ಕೇಳಿದ.

ಹೊಳೆ ತುಂಬಿ ಕೆಳಗಿನ ಊರುಗಳು ಮುಳುಗಿದ್ದವು. ಮನೆ ಕಳೆದುಕೊಂಡವರು ಮಠದ ಅಂಗಳದಲ್ಲಿ ತಂಗಿದ್ದರು. ಅವರಿಗಾಗಿ ನೆರವು ಹುಡುಕುವ ಕೆಲಸವನ್ನು ಗುರುಗಳು ಈ ಶಿಷ್ಯನಿಗೆ ವಹಿಸಿದ್ದರು. ಅವನು ವರ್ತಕರ ಸಂಘದ ಬಾಗಿಲು ತಟ್ಟಿದ್ದ, ಅಕ್ಕಿ ಗಿರಣಿಯವರನ್ನು ಕಂಡಿದ್ದ, ಪಕ್ಕದ ಊರಿನ ಮಠಕ್ಕೂ ಹೋಗಿ ಬಂದಿದ್ದ. ಒಂದಷ್ಟು ಹೊದಿಕೆ, ಒಂದಷ್ಟು ಬಟ್ಟೆ ಬಂದು ಉಗ್ರಾಣ ಸೇರಿತ್ತು. ಉಳಿದದ್ದನ್ನು ಆದಷ್ಟು ಬೇಗ ಕಳಿಸುತ್ತೇವೆ ಎಂದು ಎಲ್ಲರೂ ಮಾತು ಕೊಟ್ಟಿದ್ದರು.

“ಕೆಲವರಿಗೆ ಕೊಟ್ಟರೆ ಉಳಿದವರ ಮನಸ್ಸು ನೋಯುತ್ತದೆ. ಎಲ್ಲವೂ ಬರಲಿ ಎಂದು ಕಾದಿದ್ದೇನೆ. ಇದು ಸರಿಯೇ?”

ಗುರುಗಳು ಅವನಿಗೆ ಕೂರಲು ಹೇಳಿ ಈ ಕತೆ ಹೇಳಿದರು.

ಒಂದು ಮಠದಲ್ಲಿ ಒಬ್ಬ ಪಾರುಪತ್ಯಗಾರನಿದ್ದ. ಅಲ್ಲಿ ದಿನವೂ ದಾಸೋಹ ನಡೆಯುತ್ತಿತ್ತು. ಬಂದವರನ್ನು ಪಂಕ್ತಿಯಲ್ಲಿ ಕೂರಿಸಿ ಉಣ್ಣಿಸುವ ಹೊಣೆ ಅವನದು. ಅವನ ಪಂಕ್ತಿಗೆ ಒಂದು ಕಟ್ಟಳೆ ಇತ್ತು. ಕಟ್ಟಕಡೆಯ ಎಲೆಗೆ ಉಪ್ಪಿನಿಂದ ಹಿಡಿದು ಅನ್ನದ ತನಕ ಎಲ್ಲವೂ ಬೀಳುವವರೆಗೆ ಮೊದಲ ಎಲೆಯವನು ಕೈ ಹಾಕುವಂತಿರಲಿಲ್ಲ. ಕೂತವರು ಅದು ಕೊಡಿ, ಇದು ಕೊಡಿ ಎಂದು ಕೇಳುವ ಪದ್ಧತಿಯೂ ಇರಲಿಲ್ಲ. ಯಾರಿಗೆ ಏನು ಬೇಕೆಂದು ಅವನೇ ನೋಡಿ ಬಡಿಸುತ್ತಿದ್ದ.

ಒಮ್ಮೆ ಊರ ಗೌಡ ಹಸಿವು ತಾಳಲಾರದೆ ಒಂದು ತುತ್ತು ಬಾಯಿಗಿಟ್ಟ. ಪಾರುಪತ್ಯಗಾರ ಬಡಿಸುವುದನ್ನು ನಿಲ್ಲಿಸಿ ಗೌಡನ ಎದುರು ಬಂದು ಕೈಕಟ್ಟಿ ನಿಂತ. ಗೌಡನಿಗೆ ತುತ್ತು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಪಂಕ್ತಿಯ ಕೊನೆಯಲ್ಲಿ ಕೂತಿದ್ದ ಭಿಕ್ಷುಕ ಮಾತ್ರ ಆ ದಿನ ಎರಡು ಹಿಡಿ ಹೆಚ್ಚಿಗೆ ಉಂಡನಂತೆ. ಬಡವರು ಪಾರುಪತ್ಯಗಾರನನ್ನು ದೇವರಂತೆ ಕಾಣುತ್ತಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಅಂಥ ಬಡಿಸುವವನು ಎಲ್ಲ ಊರಿಗೂ ಸಿಗುವುದಿಲ್ಲ.

ಒಂದು ವರ್ಷ ಕಾರ್ತಿಕದಲ್ಲಿ, ಬರಬಾರದ ಹೊತ್ತಿನಲ್ಲಿ ಮಳೆ ಬಂತು. ಬಂದದ್ದು ನಿಲ್ಲಲಿಲ್ಲ. ಮೇಲಿನ ಕೆರೆಯ ಏರಿ ಒಡೆಯಿತು. ನೀರು ಮುಂಜಾನೆ ಕೆಳಗಿನ ಊರಿಗೆ ನುಗ್ಗಿತು. ಮಣ್ಣಿನ ಗೋಡೆಗಳು ಕರಗಿ ಕುಸಿದವು. ಜನ ಕೈಗೆ ಸಿಕ್ಕ ಮಕ್ಕಳನ್ನು ಎತ್ತಿಕೊಂಡು ಗುಡ್ಡ ಹತ್ತಿದರು. ಗುಡ್ಡದ ಮೇಲೆ ಒಂದು ಕಲ್ಲಿನ ಮಂಟಪವಿತ್ತು. ಮೂರು ಕಡೆ ಬಯಲು, ಒಂದು ಕಡೆ ಬಾಗಿಲಿರುವ ಸಣ್ಣ ಕೋಣೆ. ಊರಿಗೆ ಊರೇ ಆ ಮಂಟಪದಲ್ಲಿ ಒತ್ತಿಕೊಂಡು ಕೂತಿತು.

ಸುದ್ದಿ ಮುಟ್ಟಿದ ಕೂಡಲೇ ಪಾರುಪತ್ಯಗಾರ ಗುಡ್ಡಕ್ಕೆ ಬಂದ. ಅವನಿಗೆ ಯಾರೂ ಹೇಳಿ ಕಳಿಸಬೇಕಾಗಲಿಲ್ಲ. ಮಠದಿಂದ ಅಂಬಲಿ ಕಾಯಿಸಿ ತರಿಸಿದ. ಎಲ್ಲರ ಹೊಟ್ಟೆಗೂ ಬಿತ್ತು. ಆದರೆ ಮಳೆ ನಿಂತ ಮೇಲೆ ಮೂಡುಗಾಳಿ ಬೀಸತೊಡಗಿತು. ಮೈಮೇಲಿನ ಬಟ್ಟೆ ಒದ್ದೆ, ನೆಲ ಒದ್ದೆ, ಕಟ್ಟಿಗೆ ಒದ್ದೆ, ಬೆಂಕಿ ಹತ್ತಲಿಲ್ಲ. ಹೊಟ್ಟೆ ತುಂಬಿದವರ ಹಲ್ಲುಗಳೂ ಕಟಕಟ ಎನ್ನುತ್ತಿದ್ದವು. ಈಗ ಬೇಕಾದದ್ದು ಹೊದಿಕೆ ಎಂದು ಅವನಿಗೆ ಅರ್ಥವಾಯಿತು.

ನೆರವು ಹುಡುಕುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಯಾವ ಮನೆಯವರು ಮನಸ್ಸಿನಿಂದ ಕೊಡುತ್ತಾರೆ, ಯಾವ ಮನೆಯವರು ನಾಲ್ಕು ಜನರ ಎದುರು ಕೇಳಿದರೆ ಮಾತ್ರ ಕೊಡುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಸಂತೆಯ ಊರಿಗೆ ಹೋಗಿ ಒಬ್ಬ ಕಂಬಳಿ ವ್ಯಾಪಾರಿಯನ್ನು ಕಂಡ. ವ್ಯಾಪಾರಿ ಅಂಗಡಿಯಲ್ಲಿದ್ದ ಕಂಬಳಿಗಳನ್ನೆಲ್ಲ ಗಾಡಿಗೆ ಹೇರಿಸಿದ. ನೇಕಾರರ ಕೇರಿಯವರು ತಮ್ಮ ಹೊದಿಕೆಗಳಲ್ಲೇ ಒಂದಿಷ್ಟನ್ನು ತಂದುಕೊಟ್ಟರು. ಗಾಡಿ ಗುಡ್ಡದ ಬುಡಕ್ಕೆ ಬಂದಾಗ ಜನ ಎದ್ದು ನಿಂತು ಕೈಮುಗಿದರು.

ಪಾರುಪತ್ಯಗಾರ ಕಂಬಳಿಗಳನ್ನು ನೋಡಿದ, ಜನರನ್ನು ನೋಡಿದ. ಅರ್ಧ ಜನರಿಗೂ ಸರಿಯಾಗಿ ಬರುವಂತಿರಲಿಲ್ಲ.

ಅವನು ಕಂಬಳಿಗಳನ್ನು ಕೋಣೆಯೊಳಗೆ ಪೇರಿಸಿ ಬಾಗಿಲ ಅಗುಳಿ ಹಾಕಿದ. ಹೊರಗೆ ಬಂದು ಹೇಳಿದ: “ಇದು ಎಲ್ಲರಿಗೂ ಸಾಲುವುದಿಲ್ಲ. ಇನ್ನಷ್ಟು ತರುತ್ತೇನೆ. ಕೊಡುವ ದಿನ ಎಲ್ಲರಿಗೂ ಒಟ್ಟಿಗೆ ಕೊಡುತ್ತೇನೆ. ನನ್ನ ಕೈಯಿಂದ ಪಂಕ್ತಿಭೇದ ಆಗುವುದಿಲ್ಲ.”

ಯಾರೂ ಎದುರಾಡಲಿಲ್ಲ. ಅವನ ಪಂಕ್ತಿಯಲ್ಲಿ ಉಂಡವರೇ ಎಲ್ಲರೂ. ಅವನ ಮಾತು ಎಂದರೆ ಮಾತು.

ಹೊತ್ತು ಇಳಿಯುವಾಗ ಒಬ್ಬ ಕುಂಬಾರ ಅವನ ಬಳಿಗೆ ಬಂದ. ಕೆರೆ ಒಡೆಯುವ ಹಿಂದಿನ ದಿನವಷ್ಟೇ ಕುಂಬಾರನ ಹೆಂಡತಿಗೆ ಹೆರಿಗೆಯಾಗಿತ್ತು. ಅವಳನ್ನು ಅವನು ಬೆನ್ನ ಮೇಲೆ ಹೊತ್ತು ಗುಡ್ಡ ಹತ್ತಿಸಿದ್ದ.

“ಸ್ವಾಮಿ, ಮನೆಯವಳು ಹಸಿ ಬಾಣಂತಿ. ಕೂಸಿನ ಕೈಕಾಲು ತಣ್ಣಗಾಗುತ್ತಿವೆ. ಒಂದೇ ಒಂದು ಕಂಬಳಿ ಕೊಡಿ. ಎಲ್ಲರಿಗೂ ಕೊಡುವ ದಿನ ನನ್ನ ಪಾಲಿನದು ಬೇಡ” ಎಂದ.

ಪಾರುಪತ್ಯಗಾರ ಎದ್ದು ಕೋಣೆಯ ಬಾಗಿಲಿಗೆ ಹೋದ. ಅಗುಳಿಯ ಮೇಲೆ ಕೈ ಇಟ್ಟ. ಇಟ್ಟವನು ಒಮ್ಮೆ ತಿರುಗಿ ನೋಡಿದ. ಮಂಟಪದಲ್ಲಿದ್ದ ಜನರೆಲ್ಲ ಅವನನ್ನೇ ನೋಡುತ್ತಿದ್ದರು. ಮುದುಕರು, ಹೆಂಗಸರು, ಎಲ್ಲರೂ. ಒಬ್ಬರ ಕಣ್ಣೂ ಆಚೀಚೆ ಸರಿಯಲಿಲ್ಲ. ನಾನು ಪಂಕ್ತಿ ಮುರಿಯುತ್ತೇನೋ ಎಂದು ಇವರು ಕಾಯುತ್ತಿದ್ದಾರೆ ಎಂದುಕೊಂಡ. ಇಷ್ಟು ವರ್ಷ ಯಾರ ಎದುರೂ ತಗ್ಗದ ತಲೆ ಇವರ ಎದುರು ತಗ್ಗಬೇಕಾಗುತ್ತದೆ ಎಂದು ಅವನಿಗೆ ಭಯವಾಯಿತು. ನ್ಯಾಯವಂತ ಎಂದು ಹೆಸರಾದವನಿಗೆ ಈ ಭಯ ಬೇರೆಯವರಿಗಿಂತ ಬೇಗ ಹತ್ತುತ್ತದೆ.

ಅವನು ಅಗುಳಿಯಿಂದ ಕೈ ತೆಗೆದ.

“ಇವತ್ತು ನಿನಗೊಬ್ಬನಿಗೆ ಕೊಟ್ಟರೆ ನಾಳೆ ಇವರ ಮುಖ ಹೇಗೆ ನೋಡಲಿ? ತಡೆದುಕೋ ತಮ್ಮಾ. ಬೆಳಗಾಗುತ್ತಲೇ ಕುರಿಗಾರರ ಹಟ್ಟಿಗೆ ಹೊರಡುತ್ತೇನೆ” ಎಂದ.

ಕುಂಬಾರ ಜಗಳ ಮಾಡಲಿಲ್ಲ. “ನೀವು ಹೇಳುವುದೂ ನಿಜವೇ” ಎಂದು ಹಿಂತಿರುಗಿದ. ಪಾರುಪತ್ಯಗಾರ ಅವನನ್ನು ಮತ್ತೆ ಕರೆದು ತನ್ನ ಹೆಗಲ ಮೇಲಿದ್ದ ಹೊದಿಕೆಯನ್ನು ತೆಗೆದು ಕೊಟ್ಟ. ತನ್ನದನ್ನು ಕೊಡಲು ಅವನಿಗೆ ಯಾರ ಅಂಜಿಕೆಯೂ ಇರಲಿಲ್ಲ. ಅದು ತೆಳುವಾದ ನೂಲಿನದು, ಅದೂ ಒದ್ದೆಯಾಗಿತ್ತು. ಅಂದು ಅವನೂ ಬರಿಮೈಯಲ್ಲಿ ಕಲ್ಲಿನ ಮೇಲೆ ಮಲಗಿದ. ಎಲ್ಲರ ಜೊತೆ ತಾನೂ ನಡುಗುತ್ತಿದ್ದೇನೆ ಎಂಬುದೇ ಅವನಿಗೆ ಸಮಾಧಾನವಾಗಿತ್ತು. ಪಕ್ಕದಲ್ಲಿ, ಗೋಡೆಯ ಆಚೆ, ಕಂಬಳಿಗಳು ಬೆಚ್ಚಗೆ ಒಂದರ ಮೇಲೊಂದು ಮಲಗಿದ್ದವು.

ಮರುದಿನ ಅವನು ಕುರಿಗಾರರನ್ನು ಹುಡುಕಿಕೊಂಡು ಹೊರಟ. ಹಟ್ಟಿಯಲ್ಲಿ ಯಾರೂ ಇರಲಿಲ್ಲ. ಮಳೆಗೆ ಹೆದರಿ ಅವರು ಕುರಿಗಳನ್ನು ಹೊಡೆದುಕೊಂಡು ದೂರದ ಎತ್ತರದ ಹೊಲಗಳಿಗೆ ಹೋಗಿದ್ದರು. ಅವನು ಕುರಿಗಳ ಹೆಜ್ಜೆ ಹಿಡಿದು ನಡೆದ. ಹಳ್ಳವೊಂದು ಅಡ್ಡ ಬಂತು. ನೀರು ಇಳಿಯುವ ತನಕ ದಡದಲ್ಲೇ ಕೂತ. ಕಾಲಲ್ಲಿ ಬೊಬ್ಬೆಗಳೆದ್ದವು. ಅವನು ಒಮ್ಮೆಯೂ ಬೇಸರಪಡಲಿಲ್ಲ. ಮೂರನೆಯ ದಿನ ಕುರಿಗಾರರು ಸಿಕ್ಕರು. ಅವನು ವಿಷಯ ಹೇಳಿ ಮುಗಿಸುವ ಮೊದಲೇ ಅವರ ಹಿರಿಯ ತನ್ನ ಹೆಗಲಿನ ಕಂಬಳಿಯನ್ನು ತೆಗೆದು ಅವನ ಮುಂದೆ ಇಟ್ಟ. ಉಳಿದವರೂ ಹಾಗೆಯೇ ಮಾಡಿದರು. ಮಗ್ಗದಿಂದ ಇಳಿಸಿ ಮಾರಲು ಇಟ್ಟುಕೊಂಡಿದ್ದವನ್ನೂ ಕೊಟ್ಟರು. ಎರಡು ಕತ್ತೆಗಳ ಮೇಲೆ ಹೊರೆ ಹೇರಿಕೊಟ್ಟು ಬೀಳ್ಕೊಟ್ಟರು.

ಗುಡ್ಡ ಹತ್ತುವಾಗ ಪಾರುಪತ್ಯಗಾರನ ಮನಸ್ಸು ಹಗುರವಾಗಿತ್ತು. ಪ್ರತಿಯೊಬ್ಬರಿಗೂ ಒಂದೊಂದು ಬರುತ್ತದೆ, ಒಂದೂ ಹೆಚ್ಚಲ್ಲ, ಒಂದೂ ಕಡಿಮೆಯಲ್ಲ ಎಂದು ಅವನು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡಿದ್ದ.

ಅವನು ಜನರನ್ನು ಪಂಕ್ತಿಯಲ್ಲಿ ಕೂರಿಸಿದ. ಎಲೆ ಹಾಕುವ ಹಾಗೆಯೇ ಒಬ್ಬೊಬ್ಬರ ಮುಂದೆ ಒಂದೊಂದು ಕಂಬಳಿ ಇಡುತ್ತ ಹೋದ. ಯಾರೂ ಮುಟ್ಟಲಿಲ್ಲ. ಕೊನೆಯವರ ಮುಂದೆ ಇಟ್ಟು ನೆಟ್ಟಗೆ ನಿಂತು, “ಹೊದ್ದುಕೊಳ್ಳಿ” ಎಂದ.

ಅವನ ತೋಳಿನ ಮೇಲೆ ಇನ್ನೂ ಕಂಬಳಿಗಳಿದ್ದವು.

ಲೆಕ್ಕ ತಪ್ಪಿತೇ ಎಂದು ಅವನು ಪಂಕ್ತಿಯನ್ನು ಮತ್ತೆ ನೋಡಿದ. ಎಲ್ಲರ ಮುಂದೆಯೂ ಕಂಬಳಿ ಇತ್ತು. ಯಾರನ್ನೂ ಬಿಟ್ಟಿರಲಿಲ್ಲ. ಜನ ಒಬ್ಬೊಬ್ಬರಾಗಿ ಹೊದ್ದುಕೊಂಡರು. ಕುಂಬಾರ ಮಾತ್ರ ಕಂಬಳಿಯನ್ನು ಮಡಿಸಿದ ಹಾಗೆಯೇ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವನ ಪಕ್ಕದ ಜಾಗ ಬರಿದಾಗಿತ್ತು. ಅದರ ಆಚೆ ಒಬ್ಬ ಮುದುಕಿ ಕೂತಿದ್ದಳು.

ಪಾರುಪತ್ಯಗಾರ ಏನೂ ಕೇಳಬೇಕಾಗಿರಲಿಲ್ಲ. ಕುಂಬಾರನ ಮುಖ ನೋಡುವ ಧೈರ್ಯವಾಗದೆ ಮುದುಕಿಯ ಮುಂದೆ ಕುಕ್ಕರುಗಾಲಲ್ಲಿ ಕೂತ.

“ನೀವು ಹೋದ ದಿನವೇ ಕೂಸು ಹೋಯಿತು. ಮರುದಿನ ತಾಯಿ. ಆಮೇಲೆ ಇಬ್ಬರು ಮುದುಕರು” ಎಂದಳು ಮುದುಕಿ. “ಬಾಣಂತಿಯ ಮಗ್ಗುಲಲ್ಲಿ ಮಲಗಿದ್ದವಳು ನಾನೇ. ನನ್ನ ಮೈಯಲ್ಲಿ ಇದ್ದಷ್ಟು ಬಿಸಿಯನ್ನು ಕೊಟ್ಟೆ. ಈ ವಯಸ್ಸಿನಲ್ಲಿ ಎಷ್ಟಿರುತ್ತದೆ? ಆವತ್ತು ನೀವು ಬಾಗಿಲ ಬಳಿ ನಿಂತಾಗ ನಾವೆಲ್ಲ ನಿಮ್ಮ ಕೈಯನ್ನೇ ನೋಡುತ್ತಿದ್ದೆವು ಸ್ವಾಮಿ. ಅವಳಿಗೆ ಕೊಡುತ್ತೀರಿ ಎಂದುಕೊಂಡಿದ್ದೆವು. ಕೊಡಬೇಡಿ ಎನ್ನುವವರು ನಮ್ಮಲ್ಲಿ ಯಾರಿದ್ದರು?”

“ಹಾಗಾದರೆ ಬಾಯಿಬಿಟ್ಟು ಒಂದು ಮಾತು ಹೇಳಬಾರದಿತ್ತೇ ತಾಯಿ?”

“ಬಡಿಸುವವರಿಗೆ ಕೂತವರು ಹೇಳುವುದುಂಟೇ? ನೀವು ಹಾಕಿದ ಅಗುಳಿಯನ್ನು ನಾವು ತೆಗೆಯುವುದುಂಟೇ? ನೀವು ಕೇಳಿದ್ದರೆ ಹೇಳುತ್ತಿದ್ದೆವು.”

ಪಾರುಪತ್ಯಗಾರ ಪಂಕ್ತಿಯ ಉದ್ದಕ್ಕೂ ಕಣ್ಣು ಹಾಯಿಸಿದ. ಯಾರಾದರೂ ಬೈಯಲಿ ಎಂದು ಕಾದ. ಒಬ್ಬರೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಉಳಿದ ಕಂಬಳಿಗಳನ್ನು ಏನು ಮಾಡುವುದೆಂದು ತಿಳಿಯದೆ ಅವುಗಳನ್ನು ತೋಳಲ್ಲಿ ಹಿಡಿದುಕೊಂಡೇ ಅವನು ನೆಲದ ಮೇಲೆ ಕೂತುಬಿಟ್ಟ. ಗಾಳಿಗೆ ಅವನ ಬರಿಮೈ ನಡುಗುತ್ತಿತ್ತು.

ಆಗ ಕುಂಬಾರ ಎದ್ದು ಬಂದ. ತನ್ನ ಕಂಬಳಿಯ ಮಡಿಕೆ ಬಿಚ್ಚಿ ಪಾರುಪತ್ಯಗಾರನ ಹೆಗಲ ಮೇಲೆ ಹೊದಿಸಿದ. ಹೊದಿಸಿ, ತನ್ನ ಜಾಗಕ್ಕೆ ಹೋಗಿ ಕೂತ. ಅದನ್ನು ಪಂಕ್ತಿಭೇದ ಎಂದು ಯಾರೂ ಅನ್ನಲಿಲ್ಲ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಕಣ್ಣೊರೆಸಿಕೊಂಡು ಎದ್ದ.

“ಗುರುಗಳೇ, ನಾನಿನ್ನು ಕಾಯುವುದಿಲ್ಲ. ಈಗಲೇ ಉಗ್ರಾಣ ತೆರೆಸುತ್ತೇನೆ. ಆದರೆ ಮೊದಲು ಯಾರಿಗೆ ಕೊಡಲಿ, ಆಮೇಲೆ ಯಾರಿಗೆ ಕೊಡಲಿ? ಅದೊಂದನ್ನು ತಾವೇ ಅಪ್ಪಣೆ ಕೊಡಿಸಬೇಕು.”

ಗುರುಗಳು ಅವನ ಮುಖವನ್ನೇ ನೋಡುತ್ತ ಕೇಳಿದರು: “ಅದನ್ನು ಬಲ್ಲವರು ಹೊರಗೆ ಅಂಗಳದಲ್ಲಿ ಕೂತಿದ್ದಾರೆ, ಅವರನ್ನು ದಾಟಿಕೊಂಡು ನೀನು ನನ್ನ ಬಳಿಗೆ ಏಕೆ ಬಂದೆ?”