ಕ್ಯಾಮೆರಾ ಕಂಡ ಹಲಸು

ಅಪಾರ್ಟ್‌ಮೆಂಟಿನ ಮರದಲ್ಲಿದ್ದ ಹಲಸಿನ ಹಣ್ಣು ಕಾಣೆಯಾಗಿತ್ತು. ಅಧ್ಯಕ್ಷ ರಂಗಧಾಮಯ್ಯನವರಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ನಿನ್ನೆ ರಾತ್ರಿಯ ಕ್ಯಾಮೆರಾ ರೆಕಾರ್ಡಿಂಗಿನಲ್ಲಿ ಹಲಸು ಹುಡುಕು ಎಂದು ಹೊಸ ಎಐಗೆ ಹೇಳಿದರು. ಅದು ವಾಚ್‌ಮನ್ ಮುದ್ದಯ್ಯನ ಕಂಕುಳಲ್ಲಿದ್ದ ಹಸಿರು ಹೆಲ್ಮೆಟ್ಟಿಗೆ ಚೌಕ ಹಾಕಿ ತೋರಿಸಿತು.

“ಅದು ನನ್ನ ಹೆಲ್ಮೆಟ್ಟು ಸಾರ್!”

“ಯಂತ್ರ ಸುಳ್ಳು ಹೇಳಲ್ಲ ಕಣೋ! ಈಗಲೇ ಪೊಲೀಸರನ್ನ ಕರೀತೀನಿ!”

ಮುದ್ದಯ್ಯ ಅಧ್ಯಕ್ಷರ ಬಿಗಿಯಾದ ಹಸಿರು ಟೀಶರ್ಟನ್ನೊಮ್ಮೆ ನೋಡಿದ. “ಕರೀರಿ ಸಾರ್. ಅದಕ್ಕೆ ಮುಂಚೆ ಇವತ್ತು ಬೆಳಗಿನದ್ದೂ ಒಂದ್ಸಲ ಹುಡುಕಿಸಿಬಿಡಿ.”

ಹುಡುಕಿಸಿದರು. ಪರದೆಯ ಮೇಲೆ ಅಧ್ಯಕ್ಷರೇ ವಾಕಿಂಗ್ ಹೊರಟಿದ್ದರು. ಅವರ ಹೊಟ್ಟೆಯ ಸುತ್ತ ಚೌಕ, ಚೌಕದ ಮೇಲೆ ‘ಹಲಸು’.

ರಂಗಧಾಮಯ್ಯ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡರು.

ಮುದ್ದಯ್ಯ ಕೈಕಟ್ಟಿ ವಿನಯದಿಂದ ಕೇಳಿದ: “ಪೊಲೀಸರನ್ನ ಕರೀಲಾ ಸಾರ್, ಇಲ್ಲ ಹೆಚ್ಚೋಕೆ ಕೈಗೆ ಎಣ್ಣೆ ಹಚ್ಕೊಂಡು ಬರ್ಲಾ?”