ಅಪ್ಪಗಳು ಏರಿದ ಹರಿಗೋಲು

ಪೂಜ್ಯ ಶಿವಲಿಂಗ ಅಪ್ಪಗಳ ಮಠವೆಂದರೆ ಕೃಷ್ಣೆಯ ನಡುಗಡ್ಡೆಯ ಬಂಡೆಗಳ ಮೇಲೊಂದು ಜೋಪಡಿ. ಒಳಗೆ ಒಂದು ಕಂಬಳಿ, ಒಂದು ಕೊಡ, ಸಜ್ಜಿ ರೊಟ್ಟಿಯ ಬುಟ್ಟಿ. ಶ್ರಾವಣದಲ್ಲಿ ಹೊಳೆ ತುಂಬಿದಾಗ ಭಕ್ತರನ್ನು ಅಲ್ಲಿಗೆ ದಾಟಿಸುವುದು ನಮ್ಮೂರ ಹುಡುಗರ ಸೇವೆ. ಕೂಲಿಯಿಲ್ಲ, ಪ್ರಸಾದವೇ ಸಂಬಳ.

ನನ್ನಷ್ಟು ನೆಟ್ಟಗೆ ಹರಿಗೋಲು ನಡೆಸುವವನು ಎರಡೂ ದಂಡೆಗಳಲ್ಲಿ ಇಲ್ಲ. ಜಂಬವಲ್ಲ, ಬೇಕಾದರೆ ಬಂದು ಕೂತು ನೋಡಿರಿ. ನನಗಿಂತ ಮೇಲೆ ಒಬ್ಬನೇ ಇದ್ದ, ಗೆಳೆಯ ಅಮರಗುಂಡ. ನನ್ನ ಕೈಗೆ ಹುಟ್ಟುಗೋಲು ಕೊಟ್ಟು ಕಲಿಸಿದವನು. ಹೋದ ವರ್ಷ ಮಹಾಪೂರ ಬಂದಾಗ ಗಡ್ಡೆಯಲ್ಲಿ ಸಿಕ್ಕಿಬಿದ್ದವರನ್ನೆಲ್ಲ ದಾಟಿಸಿ, ಕೊನೆಗೆ ಉಳಿದ ಅಪ್ಪಗಳಿಗಾಗಿ ಒಬ್ಬನೇ ಮರಳಿ ಹೊರಟ. ಸುಳಿ ಅವನನ್ನು ಎಳೆದುಕೊಂಡಿತು. ಪೂರ ಇಳಿದ ಮೇಲೆ ಅವನ ಹೆಣವೂ ಹರಿಗೋಲೂ ಕೆಳಗಿನ ಊರಿನಲ್ಲಿ ಸಿಕ್ಕವು.

ಈ ವರ್ಷದ ಗಂಗಾಪೂಜೆಗೆ ಮುಂಚೆ ಸೇವಾ ಸಮಿತಿಯ ಅಧ್ಯಕ್ಷ ಚೆನ್ನಬಸನಗೌಡರು ಅಪ್ಪಣೆ ಹೊರಡಿಸಿದರು: ಮುಳುಗಿದವನ ಹರಿಗೋಲು ಅಪಶಕುನ, ಅದನ್ನು ಸುಡಬೇಕು, ಶುಭದಿನ ಅವನ ಹೆಸರನ್ನೂ ಯಾರೂ ಎತ್ತಕೂಡದು. ನನ್ನ ಮೈ ಉರಿಯಿತು. ಅದೇ ಪೂರದಲ್ಲಿ ಅದೇ ಹರಿಗೋಲಿನ ಅಂಚನ್ನು ಎರಡೂ ಕೈಯಿಂದ ಹಿಡಿದು, ಕಣ್ಣು ಮುಚ್ಚಿ, ಗಂಗಮ್ಮನಿಗೆ ಸೀರೆ ಹರಕೆ ಹೊತ್ತವರು ಇದೇ ಗೌಡರು! ದಂಡೆಗೆ ಇಳಿದ ಮೇಲೆ ‘ನನ್ನ ಚಪ್ಪಲಿ ಎಲ್ಲಿ ಹಾಕಿದಿ’ ಎಂದು ಅಮರಗುಂಡನನ್ನೇ ಬೈದಿದ್ದರು.

ಅಮರಗುಂಡನ ತಾಯಿ ಹುಲಿಗೆಮ್ಮ ನನ್ನನ್ನು ಕರೆದು, ಮಗನ ಹರಿಗೋಲಿಗೆ ನೀರು ಹೋಗಬಾರದಪ್ಪ ಎಂದಷ್ಟೇ ಅಂದಿದ್ದಳು. ನಾನು ಬಿದಿರು ಬಿಗಿದು, ಹೊಸ ಡಾಂಬರು ಹಚ್ಚಿ ದಂಡೆಯಲ್ಲಿ ಬೋರಲು ಹಾಕಿದ್ದೆ. ಇದನ್ನು ಸುಟ್ಟ ದಿನವೇ ನನ್ನ ಹುಟ್ಟುಗೋಲನ್ನೂ ಅದೇ ಬೆಂಕಿಗೆ ಹಾಕುತ್ತೇನೆಂದು ಊರ ಮುಂದೆ ಹೇಳಿಯೂ ಬಿಟ್ಟಿದ್ದೆ.

ಪೂಜೆ ಮುಗಿಯಿತು. ಪೂಜೆಗೆಂದು ದಂಡೆಗೆ ಬಂದಿದ್ದ ಅಪ್ಪಗಳು ಗಡ್ಡೆಗೆ ಮರಳಲು, ಅವರನ್ನು ಕರೆತಂದ ಗೌಡರ ಮಷಿನ್ ದೋಣಿಯೇ ಹೂವು, ಗಾದಿ ಹೊತ್ತು ನಿಂತಿತ್ತು. ಹರಿಗೋಲು ಸುಡಲು ಸೀಮೆಎಣ್ಣೆಯ ಡಬ್ಬಿಯೂ ಬಂದಿತ್ತು. ನಾನು ಹರಿಗೋಲಿಗೆ ಅಡ್ಡ ನಿಂತೆ. ಸಿಟ್ಟು ಗೌಡರ ಮೇಲಷ್ಟೇ ಇರಲಿಲ್ಲ.

"ಅಪ್ಪಾರ, ನಿಮ್ಮನ್ನ ಕರಕೊಂಡು ಬರಾಕ ಹೋಗಿ ಸತ್ತ ಅಂವ. ಅವತ್ತು ನೀವೇನು ಮಾಡ್ತಿದ್ರಿ?"

ಮಠದ ಮಂದಿ ನನ್ನ ಬಾಯಿ ಮುಚ್ಚಿಸಲು ಬಂದರು. ಅಪ್ಪಗಳು ಅವರನ್ನು ತಡೆದರು.

"ಬರಬ್ಯಾಡಂತ ಕೈ ಮಾಡಿದೆ. ಅಂವ ಬಂದ. ಮುಳುಗೂದು ನೋಡ್ಕೋತ ಬಂಡೆಗಲ್ಲಿನ ಮ್ಯಾಲೆ ನಿಂತಿದ್ದೆ, ತಮ್ಮಾ. ನನಗ ಈಜು ಬರೂದಿಲ್ಲ."

ಪವಾಡದ ಮಾತಿಲ್ಲ, ಕರ್ಮದ ಮಾತಿಲ್ಲ. ಅಪ್ಪಗಳು ಬಾಗಿ ಡಾಂಬರನ್ನು ಮುಟ್ಟಿ ನೋಡಿದರು.

"ಹೊಸಾದು. ಯಾರು ಹಚ್ಯಾರ?"

"ನಾನ್ರೀ."

"ಸುಡಾಕ ಹಚ್ಚೀಯೋ, ತೇಲಾಕ ಹಚ್ಚೀಯೋ?"

ನಾನು ಹರಿಗೋಲು ಮಗುಚಿ ನೀರಿಗೆ ಇಳಿಸಿದೆ. ಅಪ್ಪಗಳು ಅರಿವೆ ಮೇಲಕ್ಕೆತ್ತಿ ಕಟ್ಟಿ ಬಂದು ಒಳಗೆ ಕೂತರು. ಗೌಡರು ಗಾದಿ ದೋಣಿಯ ಕಡೆ ಕೈ ತೋರಿಸುತ್ತಲೇ ಉಳಿದರು.

ನಮ್ಮ ಹೊಳೆಯಲ್ಲಿ ಒಂದು ರೂಢಿಯಿದೆ. ವರ್ಷದ ಮೊದಲ ಸಲ ಹುಟ್ಟು ನೀರಿಗೆ ತಾಗುವ ಮೊದಲು, ಕಲಿಸಿದವನ ಹೆಸರನ್ನು ಗಟ್ಟಿಯಾಗಿ ಕೂಗಬೇಕು. ದಂಡೆಯವರು "ದಾಟಿಸಪ್ಪಾ" ಎಂದು ಓಗೊಡಬೇಕು. ಓಗೊಡದಿದ್ದರೆ ಹರಿಗೋಲು ಹೊರಡುವಂತಿಲ್ಲ. ಇಡೀ ಊರಿಗೆ ಕೇಳುವ ಗಂಟಲು ನನ್ನದು. ಅವತ್ತು ಹುಟ್ಟನ್ನು ಮೇಲೆತ್ತಿ ಹಿಡಿದೇ ನಿಂತೆ.

"ಹೆಸರು ಹೇಳು" ಎಂದರು ಅಪ್ಪಗಳು.

"ಅಮರಗುಂಡ!"

ದಂಡೆಯಲ್ಲಿ ಎಲ್ಲರೂ ಗೌಡರ ಮುಖ ನೋಡುತ್ತಿದ್ದರು. ಆಗ ಹಿಂದಿನಿಂದ ಹುಲಿಗೆಮ್ಮನ ಒಡಕು ದನಿ ಬಂತು, "ದಾಟಿಸಪ್ಪಾ." ಅದರ ಬೆನ್ನಿಗೇ ಇಡೀ ದಂಡೆ ಕೂಗಿತು.

ಸುಳಿಯ ಹತ್ತಿರ ಬಂದಾಗ ನೋಡಿದೆ: ಅಪ್ಪಗಳು ಹರಿಗೋಲಿನ ಅಂಚನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಿದ್ದರು, ಗೌಡರು ಹಿಡಿದಂತೆಯೇ. ಕಣ್ಣು ಮಾತ್ರ ಮುಚ್ಚಿರಲಿಲ್ಲ. ಆ ನೀರನ್ನೇ ನೋಡುತ್ತಿದ್ದರು, ತುಂಬಿದ ಕಣ್ಣಿನಿಂದ. ಅಂಥ ಗುರುವನ್ನು ಹೊತ್ತ ಹರಿಗೋಲನ್ನು ಸುಡುವ ಮಾತು ಆಮೇಲೆ ಯಾರೂ ಆಡಲಿಲ್ಲ.

ನನ್ನ ಸಿಟ್ಟು ಹೋಗಿಲ್ಲ. ಬಿಡು ಎಂದು ಅಪ್ಪಗಳು ಹೇಳಲೂ ಇಲ್ಲ. ಅದೀಗ ರಟ್ಟೆಗೆ ಇಳಿದಿದೆ. ಒಂದೊಂದು ಸಲವೂ ಅಮರಗುಂಡನ ಹೆಸರು ಕೂಗಿಯೇ ಹೊರಡುತ್ತೇನೆ. ಗೌಡರು ದಂಡೆಯಲ್ಲಿದ್ದರೆ ಇನ್ನಷ್ಟು ಗಟ್ಟಿಯಾಗಿ.